ಹಿಮದ ದಾರಿ, ಹೊಟ್ಟೆಯ ಲೆಕ್ಕ

ಮೊದಲ ದಿನ: ಕಾಡಿನ ಏರು

ಚಳಿಗಾಲದ ಚಾರಣಕ್ಕೆ ಹೊರಟವರು ಬಟ್ಟೆಯ ಬಗ್ಗೆ ವಾರಗಟ್ಟಲೆ ಮಾತಾಡುತ್ತಾರೆ. ಎಷ್ಟು ಪದರ, ಎಂಥ ಜಾಕೆಟ್, ಯಾವ ಕೈಗವಸು ಎಂಬ ಚರ್ಚೆಗೆ ಕೊನೆಯೇ ಇರುವುದಿಲ್ಲ. ತಿನ್ನುವುದರ ಮಾತು ಬರುವುದು ಹೊರಡುವ ಹಿಂದಿನ ಸಂಜೆ. ನಮ್ಮ ತಂಡದ ಮುಂದಾಳು ಮಾತ್ರ ಬುಡದ ಶಿಬಿರದಲ್ಲಿ ಎಲ್ಲರ ಬೆನ್ನುಚೀಲ ಬಿಚ್ಚಿಸಿ ಮೊದಲು ನೋಡಿದ್ದು ತಿಂಡಿಯ ಪೊಟ್ಟಣಗಳನ್ನು. ಕೈಗವಸು ತೊಟ್ಟುಕೊಂಡೇ ಬಿಚ್ಚಲು ಬರುತ್ತದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿದರು. ಬಾರದವುಗಳ ಹೊದಿಕೆ ತೆಗೆಸಿ, ಒಳಗಿದ್ದದ್ದನ್ನು ಚೂರು ಮಾಡಿಸಿ, ಅಗಲ ಬಾಯಿಯ ಚೀಲಗಳಿಗೆ ತುಂಬಿಸಿದರು. “ಇದು ಬೆನ್ನಿನ ಮೇಲೆ ಇರಕೂಡದು, ಜಾಕೆಟ್ಟಿನ ಒಳಜೇಬಿನಲ್ಲಿ ಇರಬೇಕು. ಹಿಮದಲ್ಲಿ ಚೀಲ ಇಳಿಸಿ ತಿನ್ನುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ,” ಎಂದರು.

ನಾನು ಶರೀರಕ್ರಿಯಾಶಾಸ್ತ್ರ ಕಲಿಸುವವನು. ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತ ಬಂದ ಸಂಗತಿಗಳನ್ನು ಮೈಯ ಮೇಲೆ ಕಾಣಬೇಕೆಂಬ ಆಸೆಯಿಂದಲೇ ಅಕ್ಕ ಮತ್ತು ಭಾವನೊಂದಿಗೆ ಈ ದಾರಿ ಹಿಡಿದಿದ್ದೆ. ಅಕ್ಕ ಸಣಕಲು ಮೈಯವಳು, ವೇಗವಾಗಿ ನಡೆಯುವವಳು. ಭಾವ ಭಾರಿ ಮೈಕಟ್ಟಿನವರು, ನಿಧಾನಿ. ಇಂಥ ಜೋಡಿಯ ಜೊತೆಗೆ ನಡೆಯುವುದು ನನ್ನ ಪಾಲಿಗೆ ಪ್ರಯೋಗಾಲಯವನ್ನೇ ಜೊತೆಗೆ ಕರೆದೊಯ್ದಂತೆ ಇತ್ತು.

ಹೊರಟಾಗ ಉಷ್ಣಾಂಶ 4 ಡಿಗ್ರಿ ಸೆಲ್ಸಿಯಸ್, ಎತ್ತರ 2,400 ಮೀಟರ್. ದಾರಿ ಪೈನ್ ಮರಗಳ ನಡುವೆ ನೇರ ಏರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅಕ್ಕ ಮೇಲಿನ ಜಾಕೆಟ್ ಕಳಚಿ ಚೀಲಕ್ಕೆ ತುರುಕಿದಳು. “ಚಳಿ ಎಲ್ಲಿ ಹೋಯಿತೋ?” ಎಂದು ಕೇಳಿದಳು. ಚಳಿ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ತೊಡೆಯ ಸ್ನಾಯುಗಳು ಬಿಸಿ ಹುಟ್ಟಿಸಲು ತೊಡಗಿದ್ದವು, ಅಷ್ಟೆ. ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ಕಾಲುಭಾಗವನ್ನೂ ಕೆಲಸಕ್ಕೆ ತಿರುಗಿಸಲಾರದು. ಮುಕ್ಕಾಲು ಪಾಲಿಗಿಂತ ಹೆಚ್ಚು ಶಾಖವಾಗಿ ಹೊರಬೀಳುತ್ತದೆ. ಹೊರೆ ಹೊತ್ತು ಏರು ಹತ್ತುವವರು ಗಂಟೆಗೆ 500 ಕಿಲೊಕ್ಯಾಲೊರಿ ಖರ್ಚು ಮಾಡುತ್ತಾರೆಂದು ಹಿಡಿದರೆ, ಅದರಲ್ಲಿ ಸುಮಾರು 400 ಬರೀ ಬಿಸಿ. ಸುಮ್ಮನೆ ಕುಳಿತಾಗ ಇಡೀ ದೇಹದ ಖರ್ಚೇ ಗಂಟೆಗೆ 70–80 ಕಿಲೊಕ್ಯಾಲೊರಿ. ಎಂದರೆ ನಡೆಯುವಾಗ ಐದು ಜನ ಕುಳಿತು ಕೊಡುವಷ್ಟು ಶಾಖವನ್ನು ಒಬ್ಬರೇ ಕೊಡುತ್ತೇವೆ.

ಆದ್ದರಿಂದ ತಂಪು ಹವೆ ದುಡಿಯುವ ದೇಹಕ್ಕೆ ಹಿತ. ಇದನ್ನು ಚೆನ್ನಾಗಿ ತೋರಿಸಿದ ಪ್ರಯೋಗವೊಂದಿದೆ. 1997ರಲ್ಲಿ ಗ್ಯಾಲೊವೇ ಮತ್ತು ಮಾಗನ್ ಎಂಬ ಸಂಶೋಧಕರು ಕೆಲವರನ್ನು 4, 11, 21 ಮತ್ತು 31 ಡಿಗ್ರಿಗಳಲ್ಲಿ, ಸೋತು ನಿಲ್ಲುವವರೆಗೂ, ಸ್ಥಿರ ಸೈಕಲ್ ತುಳಿಯಲು ಬಿಟ್ಟರು. ಹೆಚ್ಚು ಹೊತ್ತು ತುಳಿದದ್ದು 11 ಡಿಗ್ರಿಯಲ್ಲಿ, ಸುಮಾರು ಒಂದೂವರೆ ಗಂಟೆ. 31 ಡಿಗ್ರಿಯಲ್ಲಿ ಗಂಟೆಯೂ ತುಂಬಲಿಲ್ಲ. ಗಮನಿಸಬೇಕಾದದ್ದು 4 ಡಿಗ್ರಿಯ ಫಲಿತಾಂಶ: ಅಲ್ಲಿ 11ಕ್ಕಿಂತ ಕಡಿಮೆ ಹೊತ್ತು, 21ರಲ್ಲಿ ತುಳಿದಷ್ಟೇ ಹೊತ್ತು. ತಂಪು ನೆರವಾಗುತ್ತದೆ, ಒಂದು ಹದದವರೆಗೆ. ಆ ಹದ ದಾಟಿದ ಮೇಲೆ ಚಳಿಯೂ ತನ್ನ ಪಾಲು ಕೇಳುತ್ತದೆ.

ಮಧ್ಯಾಹ್ನ ಬಯಲೊಂದರಲ್ಲಿ ತಂಗಿದೆವು. ಚಳಿ ತನ್ನ ಪಾಲು ಕೇಳಿದ್ದು ಅಲ್ಲಿ. ಕುಳಿತು ಹತ್ತು ನಿಮಿಷವಾಗಿರಲಿಲ್ಲ, ಅಕ್ಕನ ಬೆನ್ನು ಸಣ್ಣಗೆ ನಡುಗತೊಡಗಿತು. ನಿಂತ ಕೆಲವೇ ನಿಮಿಷಗಳಲ್ಲಿ ಶಾಖದ ಉತ್ಪಾದನೆ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಒಳಅಂಗಿಯಲ್ಲಿ ಹೀರಿಕೊಂಡ ಬೆವರು ಮಾತ್ರ ಆರುತ್ತಲೇ ಇತ್ತು. ಒಂದು ಲೀಟರ್ ಬೆವರು ಪೂರ್ತಿ ಆರಬೇಕಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು. ಅದು ಬರುವುದು ಹೆಚ್ಚಿನಂಶ ನಮ್ಮ ಮೈಯಿಂದಲೇ. ಹಿಮದಲ್ಲಿ ನಡೆಯುವವರಿಗೆ ಅಪಾಯ ನಡಿಗೆಯಲ್ಲಿಲ್ಲ, ನಿಲ್ಲುವುದರಲ್ಲಿದೆ. ಮುಂದಾಳು ಎಲ್ಲರಿಗೂ ಕೂರುವ ಮೊದಲೇ ಜಾಕೆಟ್ ತೊಡಿಸಿದ್ದು, ಕುಳಿತ ತಕ್ಷಣ ಬಾಯಿಗೆ ಏನಾದರೂ ಹಾಕಿಕೊಳ್ಳಿ ಎಂದದ್ದು ಇದಕ್ಕಾಗಿ.

ಎರಡನೆಯ ದಿನ: ಮೊಣಕಾಲುದ್ದ ಹಿಮ

ರಾತ್ರಿ ಹೊಸ ಹಿಮ ಬಿದ್ದಿತ್ತು. ಬೆಳಿಗ್ಗೆ ಮೊದಲ ಹೆಜ್ಜೆಗೇ ಕಾಲು ಮೀನಖಂಡದವರೆಗೆ ಹೂತಿತು. ಎಳೆದು ತೆಗೆದು ಮುಂದಿಟ್ಟರೆ ಮತ್ತೆ ಹೂತಿತು. ಮೆತ್ತನೆಯ ಹಿಮದಲ್ಲಿ ಇಷ್ಟು ಆಳಕ್ಕೆ ಇಳಿಯುತ್ತ ನಡೆಯಲು ಗಟ್ಟಿ ನೆಲದ ಎರಡು ಮೂರು ಪಟ್ಟು ಶಕ್ತಿ ಬೇಕಾಗುತ್ತದೆ. ದಪ್ಪ ಬೂಟು, ಪದರ ಪದರ ಬಟ್ಟೆಗಳ ಉಜ್ಜಾಟ ಇನ್ನೊಂದು ಹತ್ತಿಪ್ಪತ್ತು ಪ್ರತಿಶತ ಸೇರಿಸುತ್ತವೆ. ಚಳಿಯಲ್ಲಿ ಹಸಿವು ಹೆಚ್ಚೆಂದು ಎಲ್ಲರೂ ಹೇಳುತ್ತಾರೆ. ಆದರೆ ಚೆನ್ನಾಗಿ ಬಟ್ಟೆ ತೊಟ್ಟು ನಡೆಯುವವರ ಮಟ್ಟಿಗೆ ಹೆಚ್ಚಿನ ಖರ್ಚು ಗಾಳಿಯ ತಣ್ಪಿನದಲ್ಲ. ಅದು ಹಿಮದ್ದು, ಹೊರೆಯದ್ದು, ಬಟ್ಟೆಯದ್ದು.

ಹಿಮ ತುಳಿದು ದಾರಿ ಮಾಡುವ ಕೆಲಸವನ್ನು ಮುಂದಾಳು ಸರದಿಯಂತೆ ಹಂಚಿದರು. ಮುಂದಿದ್ದವರು ಸ್ವಲ್ಪ ಹೊತ್ತು ತುಳಿದು ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಅಕ್ಕನ ಸರದಿ ಬಂದಾಗ ಅವಳು ಎಂದಿನ ಬಿರುಸಿನಲ್ಲಿ ನುಗ್ಗಿದಳು. “ಅಷ್ಟು ಜೋರು ಬೇಡ ಅಮ್ಮಾ, ಹಿಂದಿನವರ ಜೊತೆ ಮಾತಾಡುತ್ತ ತುಳಿಯಿರಿ. ಮಾತು ಕಡಿಯಿತೆಂದರೆ ವೇಗ ಹೆಚ್ಚಾಯಿತೆಂದು ಅರ್ಥ,” ಎಂದು ಮುಂದಾಳು ಹಿಂದಿನಿಂದ ಕೂಗಿದರು.

ಆ ಸರಳ ಸೂಚನೆಯ ಹಿಂದೆ ದೊಡ್ಡ ಲೆಕ್ಕವಿದೆ. ದೇಹದಲ್ಲಿ ದುಡಿಮೆಗೆ ಒದಗುವ ಇಂಧನ ಮುಖ್ಯವಾಗಿ ಎರಡು. ಒಂದು ಕೊಬ್ಬು. ಹತ್ತು ಕಿಲೊ ಕೊಬ್ಬಿರುವವರಲ್ಲಿ, ತೆಳ್ಳಗಿನವರಲ್ಲೂ ಅಷ್ಟು ಇರಬಹುದು, 90,000 ಕಿಲೊಕ್ಯಾಲೊರಿಯಷ್ಟು ಶಕ್ತಿ ಇರುತ್ತದೆ. ವಾರಗಟ್ಟಲೆ ನಡೆದರೂ ಮುಗಿಯುವುದಿಲ್ಲ. ಇನ್ನೊಂದು ಗ್ಲೈಕೋಜನ್, ಅಂದರೆ ನಾವು ತಿಂದ ಪಿಷ್ಟ, ಸಕ್ಕರೆಗಳನ್ನು ದೇಹ ಕೂಡಿಟ್ಟುಕೊಂಡ ರೂಪ. ಇದು ಸ್ನಾಯುಗಳಲ್ಲಿ 400–500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಒಟ್ಟು ಸೇರಿಸಿದರೂ 2,000–2,400 ಕಿಲೊಕ್ಯಾಲೊರಿ. ಆಳ ಹಿಮದಲ್ಲಿ ಬಿರುಸಾಗಿ ನಡೆದರೆ ಒಂದು ಹಗಲಿಗೆ ಸಾಲದು. ರಕ್ತದಲ್ಲಿ ಓಡಾಡುವ ಗ್ಲೂಕೋಸ್ ಎಷ್ಟೆಂದು ಕೇಳಿದರೆ ವಿದ್ಯಾರ್ಥಿಗಳು ನೂರಾರು ಗ್ರಾಂ ಎನ್ನುತ್ತಾರೆ. ಇರುವುದು ಸುಮಾರು 5 ಗ್ರಾಂ, ಒಂದು ಚಮಚ. ಅದು ಬರಿದಾಗದಂತೆ ಯಕೃತ್ತು ಹಗಲೂ ರಾತ್ರಿ ಸುರಿಯುತ್ತಿರಬೇಕು. ಮಿದುಳೊಂದೇ ದಿನಕ್ಕೆ 120 ಗ್ರಾಂನಷ್ಟು ಕೇಳುತ್ತದೆ.

ಉಸಿರು ಮಾತಿಗೆ ಎಡೆಗೊಡುವ ವೇಗದಲ್ಲಿ ಸ್ನಾಯು ಹೆಚ್ಚಾಗಿ ಕೊಬ್ಬನ್ನೇ ಬಳಸುತ್ತದೆ. ವೇಗ ಏರಿದಂತೆ ಪಾಲು ಗ್ಲೈಕೋಜನ್ ಕಡೆಗೆ ವಾಲುತ್ತದೆ. ಒಲೆಯಲ್ಲಿ ದಪ್ಪ ಕೊರಡು ನಿಧಾನಕ್ಕೆ ಉರಿಯುತ್ತಿರಬೇಕಾದರೆ ನಡುನಡುವೆ ಸಣ್ಣ ಚಕ್ಕೆ ಒಟ್ಟುತ್ತಲೇ ಇರಬೇಕಲ್ಲ, ಹಾಗೆ ಕೊಬ್ಬು ಸರಾಗವಾಗಿ ಉರಿಯಲೂ ಸ್ವಲ್ಪ ಸಕ್ಕರೆಯ ಆಸರೆ ಬೇಕು.

ಇಲ್ಲಿ ಚಳಿ ಎರಡು ಕಡೆ ಕೈಹಾಕುತ್ತದೆ. ಮೈ ತಣ್ಣಗಾದರೆ ನಾರ್‌ಅಡ್ರಿನಲಿನ್ ಹಾರ್ಮೋನು ಏರುತ್ತದೆ. ಅದು ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಇದು ಅನುಕೂಲವೇ. ಆದರೆ ಅದೇ ಹಾರ್ಮೋನು ಶಾಖ ಉಳಿಸಲೆಂದು ಚರ್ಮದ ಮತ್ತು ಅದರಡಿಯ ರಕ್ತನಾಳಗಳನ್ನು ಬಿಗಿಯುತ್ತದೆ. ಕೊಬ್ಬಿನ ದೊಡ್ಡ ಉಗ್ರಾಣ ಇರುವುದು ಅಲ್ಲಿಯೇ. ಬಿಡುಗಡೆಯಾದದ್ದು ಹೊರಗೆ ಸಾಗಲು ರಕ್ತವೇ ಕಡಿಮೆ. ಜೊತೆಗೆ ತಣ್ಣಗಾದ ಸ್ನಾಯು ಮೊದಲಿನ ಬಿರುಸಿನಲ್ಲಿ ಸಂಕುಚಿಸಲಾರದು. ಅದೇ ಹೆಜ್ಜೆಗೆ ಇನ್ನಷ್ಟು ತಂತುಗಳನ್ನು ಎಬ್ಬಿಸಿಕೊಳ್ಳುತ್ತದೆ, ಗ್ಲೈಕೋಜನ್ ಹೆಚ್ಚು ಸುಡುತ್ತದೆ. ಹೀಗಾಗಿ ಚಳಿಯಲ್ಲಿ ಕೊಬ್ಬು ತಾನಾಗಿ ಕರಗಿ ಹೋಗುತ್ತದೆಂಬ ನಂಬಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತೊಡೆ ಬೆಚ್ಚಗಿದ್ದು, ವೇಗ ಹದವಾಗಿದ್ದರೆ ಕೊಬ್ಬು. ತೊಡೆ ತಣ್ಣಗಿದ್ದು ಧಾವಂತವಾದರೆ ಸಕ್ಕರೆ.

ನಡೆಯುತ್ತಲೇ ಒಂದೊಂದು ಹಿಡಿ ತಿಂದೆವು. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಕರುಳಿಗೆ ಹೊರೆಯಾಗದ ಪ್ರಮಾಣ. ಒಣದ್ರಾಕ್ಷಿ ಕಲ್ಲಿನಂತಾಗಿತ್ತು, ಆದರೂ ಕೆನ್ನೆಯಲ್ಲಿಟ್ಟುಕೊಂಡರೆ ಮೆದುವಾಗುತ್ತಿತ್ತು. ಚಾಕೊಲೇಟ್ ಮುರಿಯುವಾಗ ಗಾಜಿನ ಸದ್ದು. ಕಡಲೆಬೀಜ, ಬಾದಾಮಿ ಮಾತ್ರ ಎಷ್ಟು ಚಳಿಗೂ ಬದಲಾಗುವುದಿಲ್ಲ, ನೀರಿನಂಶ ಕಡಿಮೆಯಲ್ಲವೇ.

ಸಂಜೆ ಸ್ಟವ್ ಮುಂದೆ ಬಹಳ ಹೊತ್ತು ಹೋಯಿತು. ಪಾತ್ರೆ ತುಂಬ ಹಿಮ ಒತ್ತಿ ತುಂಬಿದರೂ ತಳದಲ್ಲಿ ನಾಲ್ಕು ಬೆರಳು ನೀರು. ಬಾಯಾರಿದಾಗ ಹಿಮವನ್ನೇ ಬಾಯಿಗೆ ಹಾಕಿಕೊಂಡರಾಗದೇ ಎಂದು ಭಾವ ಕೇಳಿದರು. ಒಂದು ಕಿಲೊ ಹಿಮ ಕರಗಲು 80 ಕಿಲೊಕ್ಯಾಲೊರಿ, ಆ ನೀರು ಮೈಬಿಸಿಗೆ ಏರಲು ಇನ್ನೂ 37. ಆ ಖರ್ಚನ್ನು ಸ್ಟವ್ ಭರಿಸಲಿ, ನಿಮ್ಮ ಮೈ ಯಾಕೆ ಭರಿಸಬೇಕು ಎಂದೆ. ಕುದಿಸಿದ ನೀರನ್ನು ಬಾಟಲಿಗಳಿಗೆ ತುಂಬಿ ತಲೆಕೆಳಗಾಗಿ ಇಟ್ಟೆವು. ಮಂಜುಗಡ್ಡೆ ಕಟ್ಟುವುದು ಮೇಲ್ಭಾಗದಿಂದ, ಬೆಳಿಗ್ಗೆ ಮುಚ್ಚಳ ತೆಗೆಯಲು ಬರಬೇಕಲ್ಲ.

ಮೂರನೆಯ ದಿನ: ಗಾಳಿ

ಬೆಳಿಗ್ಗೆ ಭಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. 3,200 ಮೀಟರ್ ಎತ್ತರದಲ್ಲಿ ಅನೇಕರಿಗೆ ಹಸಿವು ಸಾಯುತ್ತದೆ, ಊಟ ಕಂಡರೆ ಓಕರಿಕೆ. ಅಕ್ಕ ಒತ್ತಾಯಿಸಿದಾಗ ನಾಲ್ಕು ಗುಟುಕು ಚಹಾ ಕುಡಿದರು. “ಮಧ್ಯಾಹ್ನಕ್ಕೆ ಸರಿಯಾಗಿ ತಿನ್ನುತ್ತೇನೆ ಬಿಡು,” ಎಂದರು. ರಾತ್ರಿಯ ಉಪವಾಸದಿಂದ ಯಕೃತ್ತಿನ ದಾಸ್ತಾನು ಬಹುಪಾಲು ಇಳಿದಿರುತ್ತದೆ. ಬೆಳಗಿನ ತಿಂಡಿ ಅದನ್ನು ತುಂಬಿಸದಿದ್ದರೆ ದಿನ ಸಾಲದಲ್ಲೇ ಶುರುವಾಗುತ್ತದೆ.

ಹತ್ತು ಗಂಟೆಗೆಲ್ಲ ದಿಬ್ಬದ ಮೇಲೆ ಗಾಳಿ ಎದ್ದಿತು. ಉಷ್ಣಾಂಶ ಸೊನ್ನೆಗಿಂತ 9 ಡಿಗ್ರಿ ಕೆಳಗೆ. ಮೈಯ ಸುತ್ತ ನಿಂತಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಅದು ಕಿತ್ತು ಹಾಕುತ್ತಲೇ ಇತ್ತು. ಸಾಲು ನಿಧಾನವಾಯಿತು. ಭಾವ ಮೊದಲು ಚೆನ್ನಾಗಿ ನಡುಗುತ್ತಿದ್ದರು. ಆಮೇಲೆ ನನ್ನ ಹಿಂದೆ ಅವರ ಕೋಲಿನ ಸದ್ದು ದೂರವಾಗುತ್ತ ಬಂತು. ತಿರುಗಿ ನೋಡಿದರೆ ನಿಂತುಬಿಟ್ಟಿದ್ದಾರೆ. ಜಾಕೆಟ್ಟಿನ ಜಿಪ್ ಅರ್ಧಕ್ಕೆ ತೆರೆದಿದೆ. ಎರಡೂ ಕೈಯಲ್ಲಿ ಅದರ ಕೊನೆ ಹಿಡಿದು ಎಳೆಯಲು ನೋಡುತ್ತಿದ್ದಾರೆ, ಬೆರಳುಗಳು ಜಾರಿ ಜಾರಿ ಬರುತ್ತಿವೆ. “ಭಾವ, ಏನಾಗುತ್ತಿದೆ?” ಎಂದೆ. “ಏನಿಲ್ಲ, ಹೋಗೋಣ,” ಎಂದರು. ಮಾತು ತೊದಲಿತ್ತು. ನಡುಕ ಇರಲಿಲ್ಲ.

ಬೀಳುವ ಹೆಜ್ಜೆ, ತಡವರಿಸುವ ಬೆರಳು, ತೊದಲುವ ಮಾತು, ಕಾರಣವಿಲ್ಲದ ಸಿಡುಕು, ಈ ನಾಲ್ಕನ್ನು ಹಿಮದಲ್ಲಿ ನಡೆಯುವ ಯಾರೂ ಕಡೆಗಣಿಸಕೂಡದು. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಅದರ ಆರಂಭದಲ್ಲಿ ನಡುಕ ಜೋರಾಗಿರಬೇಕು. ಇಷ್ಟು ಬೇಗ ನಡುಕ ನಿಂತಿದ್ದು ನನ್ನನ್ನು ಹೆದರಿಸಿತು. ಮುಂದಾಳು ಆಗಲೇ ಓಡಿ ಬಂದಿದ್ದರು. ಬಂಡೆಯ ಮರೆಗೆ ಕರೆದೊಯ್ದು, ಹಿಮದ ಮೇಲೆ ಚಾಪೆ ಹಾಸಿ ಕೂರಿಸಿ, ಡೇರೆಯ ಹೊದಿಕೆಯನ್ನು ನಮ್ಮೆಲ್ಲರ ತಲೆಯ ಮೇಲೆ ಎಳೆದುಕೊಂಡೆವು. ಒದ್ದೆ ಒಳಅಂಗಿ ಬದಲಿಸಿದೆವು. ಅವರು ಎಚ್ಚರವಾಗಿ ನುಂಗಬಲ್ಲರೆಂದು ಖಚಿತಮಾಡಿಕೊಂಡು, ಫ್ಲಾಸ್ಕಿನ ಬಿಸಿನೀರಿಗೆ ಕೈಗೆ ಸಿಕ್ಕಷ್ಟು ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು.

ಸ್ವಲ್ಪ ಹೊತ್ತಿನಲ್ಲಿ ಅವರ ದವಡೆ ಅಲುಗಿತು. ಆಮೇಲೆ ಭುಜ. ಆಮೇಲೆ ಇಡೀ ಮೈ ಗಡಗಡ ನಡುಗಿ ಹಲ್ಲು ಕಟಕಟ ಎನ್ನತೊಡಗಿತು. ಅಕ್ಕ ನನ್ನ ತೋಳು ಹಿಡಿದು, “ಜಾಸ್ತಿಯಾಯಿತಲ್ಲೋ!” ಎಂದು ಗಾಬರಿಯಾದಳು. “ಜಾಸ್ತಿಯಾಗಲಿ ಅಕ್ಕ. ಇದೇ ಬೇಕಾಗಿದ್ದದ್ದು,” ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ನಡುಕವೂ ವ್ಯಾಯಾಮವೇ. ಸ್ನಾಯುಗಳು ಎಲ್ಲಿಗೂ ಹೋಗದೆ, ಏನನ್ನೂ ಎತ್ತದೆ, ಬರೀ ಬಿಸಿಗಾಗಿ ಸಂಕುಚಿಸುತ್ತವೆ. ವಿಶ್ರಾಂತಿಯ ನಾಲ್ಕೈದು ಪಟ್ಟು ಶಾಖ ಕೊಡಬಲ್ಲವು. ಅದಕ್ಕೂ ಇಂಧನ ಬೇಕು. ಒಟ್ಟಾವಾ ವಿಶ್ವವಿದ್ಯಾಲಯದ ಫ್ರಾಂಸ್ವಾ ಹಾಮಾನ್ ಅವರ ತಂಡ ನಡುಗುವವರ ಉಸಿರು, ರಕ್ತಗಳನ್ನು ಅಳೆದು ಈ ಲೆಕ್ಕ ಹುಡುಕಿದೆ. ಮೆಲುವಾದ ನಡುಕದಲ್ಲಿ ಕೊಬ್ಬಿನ ಪಾಲು ದೊಡ್ಡದು. ನಡುಕ ಬಿರುಸಾದಂತೆ ಸ್ನಾಯುವಿನ ಗ್ಲೈಕೋಜನ್ ಮೇಲೆ ಭಾರ ಬೀಳುತ್ತದೆ. ಆದರೆ ಆ ಗ್ಲೈಕೋಜನ್ ಮೊದಲೇ ಇಳಿದುಹೋಗಿದ್ದರೂ ದೇಹ ಕೊಬ್ಬನ್ನೂ ಪ್ರೊಟೀನನ್ನೂ ಹೆಚ್ಚು ಬಳಸಿ ನಡುಕವನ್ನು ಉಳಿಸಿಕೊಳ್ಳುತ್ತದೆ. ಸ್ನಾಯುವಿಗೆ ಅಷ್ಟು ಜಾಣ್ಮೆ ಇದೆ.

ಹಾಗಾದರೆ ನಡುಕ ನಿಲ್ಲುವುದು ಯಾವಾಗ? ರಕ್ತದ ಗ್ಲೂಕೋಸ್ ತೀರ ಕುಸಿದಾಗ. ನಡುಗು ಎಂದು ಆಜ್ಞೆ ಕೊಡುವುದು ಮಿದುಳು. ಅದರ ಮುಖ್ಯ ಆಹಾರ ಗ್ಲೂಕೋಸ್. ಅದು ಸಿಗದಾಗ ಆಜ್ಞೆಯೇ ಹೊರಡುವುದಿಲ್ಲ, ಸ್ನಾಯುಗಳಲ್ಲಿ ಇಂಧನವಿದ್ದರೂ ಅವು ಸುಮ್ಮನಿರುತ್ತವೆ. ಚಳಿಯಲ್ಲಿ ನಡುಗುತ್ತಿದ್ದವರ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು ಇಳಿಸಿದಾಗ ನಡುಕ ನಿಂತು ಮೈ ತಣ್ಣಗಾದದ್ದು, ರಕ್ತನಾಳಕ್ಕೆ ಗ್ಲೂಕೋಸ್ ಹಾಕಿದೊಡನೆ ನಡುಕ ಮರಳಿದ್ದು 1980ರ ದಶಕದ ಆರಂಭದ ಪ್ರಯೋಗಗಳಲ್ಲಿ ಕಂಡಿದೆ. ಅದನ್ನು ಪಾಠ ಹೇಳುವಾಗ ಒಂದು ನಕ್ಷೆ ಬರೆಯುತ್ತಿದ್ದೆ. ಭಾವನ ದವಡೆ ಅಲುಗಿದ ಕ್ಷಣ ಆ ನಕ್ಷೆಗೆ ಮುಖ ಬಂತು. ಅವರ ಸಕ್ಕರೆ ಎಷ್ಟಿತ್ತೆಂದು ನಾವು ಅಳೆದಿರಲಿಲ್ಲ, ಮರೆ ಮತ್ತು ಒಣ ಬಟ್ಟೆಯೂ ಕೆಲಸ ಮಾಡಿದ್ದವು. ಆದರೂ ಚಳಿಯಲ್ಲಿ ಉಪವಾಸ ನಡೆಯುವುದೆಂದರೆ ಮೈಯ ಕೊನೆಯ ರಕ್ಷಣೆಯನ್ನು ಒತ್ತೆ ಇಟ್ಟು ನಡೆಯುವುದು ಎಂದು ಅಂದಿನಿಂದ ಗಟ್ಟಿಯಾಗಿ ಹೇಳುತ್ತೇನೆ.

ಮುಂದೆ ಹೋಗಲಿಲ್ಲ. ಹಿಂದಿನ ದಿನದ ತಂಗುದಾಣಕ್ಕಿಂತ ಸ್ವಲ್ಪ ಮೇಲೆ, ಮರಗಳ ಮರೆಯಲ್ಲಿ ಡೇರೆ ಹಾಕಿದೆವು. ಪಕ್ಕದ ಡೇರೆಯವರೊಬ್ಬರು ಪ್ರೀತಿಯಿಂದಲೇ ಮದ್ಯದ ಬಾಟಲಿ ಹಿಡಿದು ಬಂದರು, ಮೈ ಬೆಚ್ಚಗಾಗುತ್ತದೆಂದು. ಮುಂದಾಳು ಕೈಮುಗಿದು ವಾಪಸು ಕಳುಹಿಸಿದರು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ; ಮುಖ ಬೆಚ್ಚಗೆನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನು ಅದು ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ದಿನವಿಡೀ ನಡೆದವರಿಗೆ ಅದು ವಿಷಕ್ಕೆ ಸಮ.

ನಾಲ್ಕನೆಯ ದಿನ: ಡೇರೆಯೊಳಗೆ

ಹಿಮ ಬೀಳುತ್ತಲೇ ಇತ್ತು, ಹೊರಡಲಿಲ್ಲ. ಭಾವ ಚೇತರಿಸಿಕೊಂಡು ಬೆಣ್ಣೆ ಹಾಕಿದ ಓಟ್ಸ್ ಗಂಜಿಯನ್ನು ಎರಡು ಬಟ್ಟಲು ಮುಗಿಸಿದರು.

ಡೇರೆಯಲ್ಲಿ ಕುಳಿತವರಿಗೆ ಧ್ರುವಯಾತ್ರಿಗಳ ಮಾತು ಬಾರದೆ ಇರುವುದಿಲ್ಲ. ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್ 14ರಂದು, ನಾಯಿಗಳು ಎಳೆದ ಜಾರುಬಂಡಿಗಳಲ್ಲಿ. ಸ್ಕಾಟ್ ಮತ್ತು ಸಂಗಡಿಗರು 1912ರ ಜನವರಿ 17ರಂದು, ಬಂಡಿಯನ್ನು ತಾವೇ ಎಳೆದುಕೊಂಡು. ಸ್ಕಾಟ್ ತಂಡದ ಎತ್ತರದ ಪ್ರದೇಶದ ಪಡಿ ಒಬ್ಬರಿಗೆ ದಿನಕ್ಕೆ ಸುಮಾರು ಒಂದು ಕಿಲೊ: 450 ಗ್ರಾಂ ಬಿಸ್ಕತ್ತು, 340 ಗ್ರಾಂ ಒಣಮಾಂಸ-ಕೊಬ್ಬಿನ ಪೆಮ್ಮಿಕನ್, 85 ಗ್ರಾಂ ಸಕ್ಕರೆ, 57 ಗ್ರಾಂ ಬೆಣ್ಣೆ, ಜೊತೆಗೆ ಚಹಾ, ಕೋಕೊ. ಹತ್ತಿರ ಹತ್ತಿರ 4,500 ಕಿಲೊಕ್ಯಾಲೊರಿ. ಮನೆಯಲ್ಲಿ ಕೂತವರಿಗೆ ಇದು ಇಬ್ಬರ ಊಟ. ಹಿಮದಲ್ಲಿ ಬಂಡಿ ಎಳೆಯುವವರಿಗೆ ಪ್ರತಿದಿನವೂ ಕೊರತೆಯ ದಿನ.

ಎಷ್ಟು ಕೊರತೆ ಎಂಬುದು ಅಳತೆಗೆ ಸಿಕ್ಕಿದ್ದು ಎಂಟು ದಶಕಗಳ ಬಳಿಕ. 1992ರ ಕೊನೆಯಲ್ಲಿ ರಾನುಲ್ಫ್ ಫೈನ್ಸ್ ಮತ್ತು ವೈದ್ಯ ಮೈಕ್ ಸ್ಟ್ರೌಡ್ ಬಂಡಿ ಎಳೆಯುತ್ತ ಅಂಟಾರ್ಕ್ಟಿಕಾ ದಾಟಲು ಹೊರಟರು. 95 ದಿನ ನಡೆದರು. ದಿನಕ್ಕೆ 5,000 ಕಿಲೊಕ್ಯಾಲೊರಿಯ ಆಸುಪಾಸು, ಅದರಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬಿನಿಂದ, ತಿಂದರೂ ಇಬ್ಬರೂ 20 ಕಿಲೊಗಿಂತ ಹೆಚ್ಚು ಇಳಿದರು. ಸ್ಟ್ರೌಡ್ ತಮ್ಮಿಬ್ಬರ ಮೈಯನ್ನೇ ಪ್ರಯೋಗಕ್ಕೊಡ್ಡಿ, ಭಾರದ ಜಲಜನಕ, ಆಮ್ಲಜನಕಗಳಿಂದ ಗುರುತು ಹಾಕಿದ ನೀರು ಕುಡಿದು, ಮೂತ್ರದ ಮಾದರಿಗಳಿಂದ ಶಕ್ತಿಯ ಖರ್ಚು ಲೆಕ್ಕ ಹಾಕಿದರು. ತಾನು ಸವೆಯುತ್ತಿರುವಾಗ ಆ ಸವೆತವನ್ನು ಬರೆದಿಟ್ಟುಕೊಳ್ಳುವ ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ.

ನಡುಗದೆಯೂ ಬಿಸಿ ಹುಟ್ಟಿಸುವ ದಾರಿಯೊಂದು ದೇಹದಲ್ಲಿದೆ, ಕಂದು ಕೊಬ್ಬು. ಇದು ಎಳೆಗೂಸುಗಳಿಗೆ ಮಾತ್ರ ಎಂದು ಬಹುಕಾಲ ನಂಬಲಾಗಿತ್ತು. ದೊಡ್ಡವರಲ್ಲೂ ಕತ್ತು, ಕೊರಳೆಲುಬಿನ ಮೇಲ್ಭಾಗ, ಬೆನ್ನುಹುರಿಯ ಅಕ್ಕಪಕ್ಕ ಅದು ಚಳಿಗೆ ಎಚ್ಚರಗೊಳ್ಳುತ್ತದೆಂದು 2009ರಲ್ಲಿ ಒಟ್ಟೊಟ್ಟಿಗೆ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಅದರ ಕೋಶಗಳಲ್ಲಿರುವ ಒಂದು ಪ್ರೊಟೀನು ಶಕ್ತಿಯನ್ನು ಕೆಲಸಕ್ಕೆ ಕಟ್ಟಿಹಾಕದೆ ನೇರ ಶಾಖವಾಗಿ ಬಿಟ್ಟುಬಿಡುತ್ತದೆ. ಆದರೆ ದೊಡ್ಡವರಲ್ಲಿ ಅದರ ಪ್ರಮಾಣ ಬಹಳ ಕಡಿಮೆ. ಅದನ್ನು ನಂಬಿ ಒಂದು ಪದರ ಬಟ್ಟೆಯನ್ನೂ ಬಿಟ್ಟು ಹೊರಡಬಾರದು.

ರಾತ್ರಿ ಮಲಗುವ ಮುನ್ನ ಎಲ್ಲರಿಗೂ ಚೀಸ್ ಮತ್ತು ಬಾದಾಮಿ. ಸ್ಲೀಪಿಂಗ್ ಬ್ಯಾಗ್ ಬಿಸಿ ಕೊಡುವುದಿಲ್ಲ, ನಾವು ಕೊಟ್ಟದ್ದನ್ನು ಹಿಡಿದಿಡುತ್ತದೆ. ನಡುರಾತ್ರಿಯ ಚಳಿಗೆ ಎಚ್ಚರವಾದರೆ ಇನ್ನೊಂದು ಹಿಡಿ ತಿಂದು ಮಲಗಬೇಕೆಂದು ಹೇಳಿಟ್ಟೆ.

ಐದನೆಯ ದಿನ: ಶಿಖರ

ನಸುಕಿನ ಮೂರಕ್ಕೆ ಹೊರಟೆವು. ಮೈನಸ್ 16. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ.

ಕೈಗವಸಿನೊಳಗೆ ಬೆರಳುಗಳು ಮರಗಟ್ಟಿ ಬಿಳಿಚಿಕೊಂಡವು. ಸ್ವಲ್ಪ ಹೊತ್ತಿಗೆ ತಾವಾಗಿಯೇ ಜುಮ್ಮೆಂದು ಕೆಂಪೇರಿ ಬೆಚ್ಚಗಾದವು, ಮತ್ತೆ ತಣ್ಣಗಾದವು. ಬಿಗಿದ ರಕ್ತನಾಳಗಳು ಆಗಾಗ ಸಡಿಲಗೊಂಡು ಬೆರಳಿಗೆ ರಕ್ತ ಬಿಡುವ ಈ ಏರಿಳಿತವನ್ನು ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದ. ಮೈಯ ಒಳಭಾಗ ಬೆಚ್ಚಗಿದ್ದಷ್ಟೂ ಈ ಬಿಡುವು ಚೆನ್ನಾಗಿ ಸಿಗುತ್ತದೆ. ಬೆರಳು ಉಳಿಸಿಕೊಳ್ಳಬೇಕಾದರೆ ಹೊಟ್ಟೆ, ತೊಡೆ, ತಲೆಗಳನ್ನೂ ಬೆಚ್ಚಗಿಡಬೇಕು.

ಶಿಖರ 3,800 ಮೀಟರ್. ಅಲ್ಲಿ ವಾಯುಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ಸ್ವಲ್ಪ ಕಡಿಮೆ. ಎತ್ತರದಲ್ಲಿ ಸಕ್ಕರೆಯ ಬೆಲೆ ಇನ್ನಷ್ಟು ಏರುತ್ತದೆ: ಒಂದು ಲೀಟರ್ ಆಮ್ಲಜನಕದಲ್ಲಿ ಶರ್ಕರಪಿಷ್ಟ ಸುಟ್ಟರೆ ಸುಮಾರು 5 ಕಿಲೊಕ್ಯಾಲೊರಿ, ಕೊಬ್ಬು ಸುಟ್ಟರೆ 4.7. ವ್ಯತ್ಯಾಸ ಸಣ್ಣದು, ಆದರೆ ಏದುಸಿರಿನ ಹೊತ್ತಿನಲ್ಲಿ ಸಣ್ಣದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ದಿನ ಜೇಬಿನಲ್ಲಿ ಬಾದಾಮಿ ಕಡಿಮೆ, ಒಣಹಣ್ಣು ಹೆಚ್ಚು.

ಬಾಯಾರಿಕೆ ಯಾರಿಗೂ ಇರಲಿಲ್ಲ. ಅದೇ ಮೋಸ. ಮೈನಸ್ 10ರ ಗಾಳಿ ಘನಮೀಟರಿಗೆ ಹೆಚ್ಚೆಂದರೆ ಎರಡು ಗ್ರಾಂ ಚಿಲ್ಲರೆ ನೀರಾವಿ ಹಿಡಿಯಬಲ್ಲದು. ನಾವು ಹೊರಬಿಡುವ ಗಾಳಿಯಲ್ಲಿ 30 ಗ್ರಾಂಗೂ ಹೆಚ್ಚು. ನಡುವಿನ ಅಂತರವೆಲ್ಲ ನಮ್ಮ ಮೈಯ ನೀರು, ಅಕ್ಕನ ಮಫ್ಲರಿನ ಮೇಲೆ ಹರಳುಗಟ್ಟಿ ಕಾಣುತ್ತಿತ್ತು. ಚರ್ಮದಿಂದ ಒಳಗೆ ಸರಿದ ರಕ್ತವನ್ನು ದೇಹ ಹೆಚ್ಚುವರಿ ದ್ರವವೆಂದು ತಿಳಿದು ಮೂತ್ರವಾಗಿ ಹೊರಹಾಕುತ್ತದೆ, ಬಾಯಾರಿಕೆಯ ಸೂಚನೆಯನ್ನೂ ತಗ್ಗಿಸುತ್ತದೆ. ಪ್ರತಿ ನಿಲುಗಡೆಯಲ್ಲೂ ಮುಂದಾಳು ಎಲ್ಲರ ಬಾಟಲಿಯನ್ನು ಅಲುಗಿಸಿ ನೋಡಿದರು.

ಮೇಲೆ ಕಾಲಿಟ್ಟಾಗ ಸೂರ್ಯ ಹುಟ್ಟುತ್ತಿದ್ದ. ಭಾವ ಎಲ್ಲರಿಗಿಂತ ಮೊದಲು ಕೈಗವಸು ಕಳಚದೆಯೇ ಜೇಬಿಗೆ ಕೈಹಾಕಿ ತಿಂದರು, ಅಕ್ಕನ ಅಂಗೈಗೂ ಸುರಿದರು. ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ.

ಆರನೆಯ ದಿನ: ಇಳಿಜಾರು

ಇಳಿಯುವಾಗ ಚಳಿ ಕಡಿಮೆಯೆಂದು ಎಲ್ಲರೂ ಎಣಿಸುತ್ತಾರೆ, ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಗಾಳಿ ಬೆಚ್ಚಗಾಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಸ್ನಾಯುಗಳು ಹಿಗ್ಗುತ್ತ ಭಾರ ತಡೆಯುತ್ತವೆ, ಏರುವಾಗಿನ ಅರ್ಧದಷ್ಟು ಶಕ್ತಿಯೂ ಬೇಕಾಗುವುದಿಲ್ಲ. ಹುಟ್ಟುವ ಬಿಸಿಯೂ ಅಷ್ಟೇ ಕಡಿಮೆ. ಏರುವಾಗ ಬೆವರಿದ ಜಾಗದಲ್ಲಿ ಇಳಿಯುವಾಗ ಜಾಕೆಟ್ ಹಾಕಿಕೊಂಡೆವು. ಈ ತಡೆಯುವ ಕೆಲಸ ಸ್ನಾಯುತಂತುಗಳನ್ನು ಸಣ್ಣಗೆ ಘಾಸಿಗೊಳಿಸುತ್ತದೆ, ಮಾರನೆಯ ದಿನದ ತೊಡೆನೋವು ಅದರದ್ದು. ಘಾಸಿಯಾದ ಸ್ನಾಯು ಗ್ಲೈಕೋಜನ್ ಮರುತುಂಬಿಕೊಳ್ಳುವುದೂ ನಿಧಾನ. ಸಾಮಾನ್ಯವಾಗಿ ಚೆನ್ನಾಗಿ ಪಿಷ್ಟ ತಿಂದರೆ ಒಂದು ದಿನದಲ್ಲಿ ತುಂಬುವುದು, ದೊಡ್ಡ ಇಳಿಜಾರಿನ ನಂತರ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ದುಡಿಮೆ ನಿಂತ ಮೊದಲ ಕೆಲವು ಗಂಟೆಗಳಲ್ಲಿ ಸ್ನಾಯು ಸಕ್ಕರೆಯನ್ನು ಹೆಚ್ಚು ಆತುರದಿಂದ ಒಳಗೆಳೆದುಕೊಳ್ಳುತ್ತದೆ. ಬುಡದ ಶಿಬಿರ ತಲುಪಿದ ಕೂಡಲೇ ಸ್ನಾನಕ್ಕಿಂತ ಮೊದಲು ಊಟಕ್ಕೆ ಕೂರಿಸಿದ್ದು ಅದಕ್ಕೇ.

ಊಟ ಮಾಡುತ್ತ ಭಾವ ಕೇಳಿದರು: “ಇಷ್ಟು ನಡೆದಿದ್ದೇನೆ, ಇಷ್ಟು ನಡುಗಿದ್ದೇನೆ. ಎಷ್ಟು ತೂಕ ಇಳಿದಿರಬಹುದು?” ಶಿಬಿರದಲ್ಲಿ ತೂಕದ ಯಂತ್ರವಿತ್ತು. ಹೊರಡುವ ದಿನಕ್ಕಿಂತ ಎರಡು ಕಿಲೊಗೂ ಹೆಚ್ಚು ಕಡಿಮೆ ತೋರಿಸಿತು. ಅವರ ಮುಖ ಅರಳಿತು.

ಅದರಲ್ಲಿ ಕೊಬ್ಬು ಎಷ್ಟೋ ಇರಬಹುದು, ಆದರೆ ಬಹುಪಾಲು ಅಲ್ಲ ಎಂದು ನಾನು ಹೇಳಬೇಕಾಯಿತು. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ದಾಸ್ತಾನಿನಿಂದ 400 ಗ್ರಾಂ ಖರ್ಚಾದರೆ ತೂಕದಲ್ಲಿ ಒಂದೂವರೆ ಕಿಲೊ ಹೋದಂತೆ. ಉಸಿರಿನಲ್ಲಿ, ಮೂತ್ರದಲ್ಲಿ ಹೋದ ನೀರು ಬೇರೆ. ಎರಡು ದಿನ ಚೆನ್ನಾಗಿ ಉಂಡು ಕುಡಿದರೆ ಅಷ್ಟೂ ಮರಳುತ್ತದೆ, ಮರಳಲೇಬೇಕು. ಜೊತೆಗೆ ಚಳಿ ಹಸಿವನ್ನು ಕೆರಳಿಸುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಣ್ಣೀರಿನಲ್ಲಿ ಮುಳುಗಿ ವ್ಯಾಯಾಮ ಮಾಡಿದವರು, ಹದವಾದ ನೀರಿನಲ್ಲಿ ಅದನ್ನೇ ಮಾಡಿದಾಗಿಗಿಂತ, ಆಮೇಲೆ 40 ಪ್ರತಿಶತಕ್ಕೂ ಹೆಚ್ಚು ಕ್ಯಾಲೊರಿ ತಿಂದರು. ಖರ್ಚು ಮಾಡಿದ ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ತೂಕ ಇಳಿಸಲೆಂದು ಚಳಿಗೆ ಹೋಗುವುದು ಬೇಡ, ಚಳಿಗೆ ಹೋಗಲೆಂದು ತೂಕವನ್ನು ಒಂದಿಷ್ಟು ದಿನ ಮರೆಯಿರಿ ಎಂದೆ. ಅಕ್ಕ ಅವರ ತಟ್ಟೆಗೆ ಇನ್ನಷ್ಟು ಬಡಿಸಿದಳು. ಭಾವ ಬೇಡವೆನ್ನಲಿಲ್ಲ.